ಇದು ಇಲ್ಲಿಗೆ ಬಂದದ್ದು ಹೇಗೆ? ಕೊಡಗಿನ ಮ್ಯೂಸಿಯಂಗಳಲ್ಲಿ ಒಂದು ಸುತ್ತು

ಶುಕ್ರವಾರ

ಕೊಡಗಿಗೆ ಹೊರಟಿದ್ದೇವೆ ಅಂದ ಕೂಡಲೇ ಆಫೀಸಿನಲ್ಲಿ ಎಲ್ಲರೂ ಸಲಹೆ ಕೊಡೋಕೆ ಶುರು ಮಾಡಿದರು. ಅಬ್ಬಿ ಫಾಲ್ಸ್ ಬಿಡಬೇಡಿ, ದುಬಾರೆಗೆ ಬೆಳಿಗ್ಗೆನೇ ಹೋಗಿ, ರಾಜಾ ಸೀಟ್‌ನಲ್ಲಿ ಸಂಜೆ ಕೂತ್ಕೊಳ್ಳಿ. ನಾವು ಹೋಗ್ತಿರೋದು ಮ್ಯೂಸಿಯಂ ನೋಡೋಕೆ ಅಂದಾಗ ಮಾತ್ರ ಯಾರಿಗೂ ಏನು ಹೇಳಬೇಕು ಅಂತ ತೋಚಲಿಲ್ಲ. "ಮಡಿಕೇರಿಯಲ್ಲಿ ಮ್ಯೂಸಿಯಂ ಇದೆಯಾ?" ಅಂತ ಒಬ್ಬರು ಕೇಳಿಯೇಬಿಟ್ಟರು.

ಇದೆ. ಕೋಟೆಯೊಳಗೆ ಒಂದು, ಊರೊಳಗೆ ಇನ್ನೊಂದು. ಕಕ್ಕಬೆ ಕಡೆ ಹೋದರೆ ಗೋಡೆಯ ಮೇಲೆ ಬಣ್ಣ ಉಳಿಸಿಕೊಂಡಿರುವ ಅರಮನೆ ಇದೆ. ಶನಿವಾರಸಂತೆ ಕಡೆ ಹೋದರೆ ಸಾವಿರ ವರ್ಷದ ಹತ್ತಿರದ ಬಸದಿಗಳಿವೆ. ಇವನ್ನೆಲ್ಲ ಒಂದೇ ಗುಕ್ಕಿನಲ್ಲಿ ನೋಡಬೇಕು ಅಂತ ಬಹಳ ದಿನದಿಂದ ಇತ್ತು. ಜೊತೆಗೆ ಬಂದವನು ನನ್ನ ಅಕ್ಕನ ಮಗ. ಮೈಸೂರಿನಲ್ಲಿ ಚಿತ್ರಕಲೆ ಓದುತ್ತಿದ್ದಾನೆ. ಅವನಿಗೆ ಹಳೆ ಶಿಲ್ಪಗಳನ್ನು ಎದುರು ಕೂತು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಬೇಕಿತ್ತು. ನನಗೆ ಬೇರೆ ಚಟ. ಮ್ಯೂಸಿಯಂನಲ್ಲಿ ಯಾವ ವಸ್ತು ನೋಡಿದರೂ ಇದು ಇಲ್ಲಿಗೆ ಹೇಗೆ ಬಂತು ಅನ್ನೋದೇ ಮೊದಲು ತಲೆಗೆ ಬರುತ್ತದೆ. ಯಾರೋ ಕೊಟ್ಟಿರಬೇಕು, ಇಲ್ಲ ಹೊಲ ಉಳುವಾಗ ಸಿಕ್ಕಿರಬೇಕು, ಇಲ್ಲ ಸರ್ಕಾರ ವಶಪಡಿಸಿಕೊಂಡಿರಬೇಕು. ಕಾರ್ಡಿನ ಮೇಲೆ ಹೆಸರು, ಶತಮಾನ ಇರುತ್ತದೆ. ಬಂದ ದಾರಿ ಬರೆದಿರುವುದು ಬಲು ಅಪರೂಪ.

ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್. ಹುಣಸೂರು, ಪಿರಿಯಾಪಟ್ಟಣ ದಾಟಿ ಬೈಲಕುಪ್ಪೆಯಲ್ಲಿ ಇಳಿದೆವು. ಇದು ಇನ್ನೂ ಮೈಸೂರು ಜಿಲ್ಲೆಯೇ, ಕಾವೇರಿ ದಾಟಿದರೆ ಕುಶಾಲನಗರ, ಅಲ್ಲಿಂದ ಕೊಡಗು. ನಮ್‌ಡ್ರೋಲಿಂಗ್ ಮಠದ ದೊಡ್ಡ ಮಂದಿರದಲ್ಲಿ ಪದ್ಮಸಂಭವ, ಬುದ್ಧ, ಅಮಿತಾಯು, ಮೂರು ಬಂಗಾರ ಬಣ್ಣದ ಮೂರ್ತಿಗಳು. ಎಲ್ಲರೂ ಅವುಗಳ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನಮ್ಮ ಹುಡುಗ ಗೋಡೆಯ ಚಿತ್ರಗಳ ಕಡೆಗೆ ಹೋದ. ಟಿಬೆಟ್ ಬಿಟ್ಟು ಬಂದವರು 1963ರಲ್ಲಿ ಶುರು ಮಾಡಿದ ಮಠ ಇದು. ಕೈಯಲ್ಲಿ ತರೋಕೆ ಆಗದ್ದನ್ನು ನೆನಪಿನಿಂದ ಮತ್ತೆ ಬರೆಸಿಕೊಂಡಿದ್ದಾರೆ. ಹೆಚ್ಚು ಹೊತ್ತು ನಿಲ್ಲಲಿಲ್ಲ. ಬಸ್ ಹಿಡಿಯಬೇಕಿತ್ತು.

ಮಡಿಕೇರಿ ತಲುಪಿದಾಗ ಮಧ್ಯಾಹ್ನ ಕಳೆದಿತ್ತು. ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತು. ದಾರಿಯುದ್ದಕ್ಕೂ ಅರೇಬಿಕಾ ಕಾಫಿ ಹಣ್ಣಾಗಿತ್ತು, ಎಸ್ಟೇಟ್‌ಗಳ ಮುಂದೆ ಕೊಯ್ಲಿಗೆ ಬಂದವರ ಜೀಪುಗಳು. ರೂಮಿನಲ್ಲಿ ಬ್ಯಾಗ್ ಇಟ್ಟು ಸೀದಾ ಗದ್ದಿಗೆಗೆ ನಡೆದೆವು.

ಗದ್ದಿಗೆ ಅಂದರೆ ಕೊಡಗಿನ ರಾಜರ ಸಮಾಧಿ. ಗುಡ್ಡದ ಮೇಲೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ದೂರದಿಂದ ದರ್ಗಾ ಅನ್ನಿಸುತ್ತದೆ, ಒಳಗೆ ಶಿವಲಿಂಗ. ಕೊಡಗನ್ನು ಆಳಿದ ಈ ಹಾಲೇರಿ ವಂಶದ ರಾಜರು ಲಿಂಗಾಯತರು. ದೊಡ್ಡವೀರರಾಜೇಂದ್ರ ಮತ್ತು ಅವನ ರಾಣಿಯ ಸಮಾಧಿ ಒಂದು ಕಡೆ. ಅದರ ಪಕ್ಕದ ಲಿಂಗರಾಜೇಂದ್ರನ ಸಮಾಧಿಯನ್ನು ಮಗ ಚಿಕ್ಕವೀರರಾಜೇಂದ್ರ 1820ರಲ್ಲಿ ಕಟ್ಟಿಸಿದ. ಕಿಟಕಿಯ ಸರಳುಗಳನ್ನು ಹತ್ತಿರ ಹೋಗಿ ನೋಡಬೇಕು. ಬರೀ ಸರಳಲ್ಲ, ಲೋಹದ ಮೇಲೆ ಕುಸುರಿ ಕೆಲಸ. ಎಲ್ಲರ ಕೈ ತಾಗುವ ಎತ್ತರದಲ್ಲಿ ನುಣುಪಾಗಿದೆ, ಮೇಲೆ ಹೋದಂತೆ ಗೆರೆಗಳು ಇನ್ನೂ ಚೂಪಾಗಿವೆ. ಹುಡುಗ ಎರಡನ್ನೂ ಬರೆದುಕೊಂಡ. ಹತ್ತಿರದಲ್ಲೇ ಬಿದ್ದಂಡ ಬೋಪು ಅವರ ಸಮಾಧಿಯೂ ಇದೆ. ಟಿಪ್ಪುವಿನ ವಿರುದ್ಧ ಹೋರಾಡಿ ಸತ್ತ ದಂಡನಾಯಕ. ರಾಜರ ಪಕ್ಕದಲ್ಲಿ ಒಬ್ಬ ಕೊಡವ ಸೇನಾನಿಗೆ ಜಾಗ ಕೊಟ್ಟಿದ್ದಾರೆ ಅನ್ನೋದು ಸಣ್ಣ ಮಾತಲ್ಲ.

ಅಷ್ಟು ಹೊತ್ತಿಗೆ ಮಂಜು ಇಳಿಯಿತು. ಚಿತ್ರ ಬರೆಯೋಕೆ ಬೆಳಕಿಲ್ಲ ಅಂತ ಹುಡುಗ ಗೊಣಗಿದ. ವಾಪಸ್ ಬಂದು ಅಕ್ಕಿ ರೊಟ್ಟಿ ತಿಂದು ಮಲಗಿದೆವು.

ಶನಿವಾರ

ಸರ್ಕಾರಿ ಮ್ಯೂಸಿಯಂ ಹತ್ತು ಗಂಟೆಗೆ ತೆಗೆಯುತ್ತಾರೆ. ಸೋಮವಾರ ರಜೆ. ಅದಕ್ಕೇ ಶನಿವಾರ ಇಟ್ಟುಕೊಂಡಿದ್ದು. ಬೇಗ ಹೋಗಿದ್ದರಿಂದ ಮೊದಲು ಕೋಟೆ ಸುತ್ತಿದೆವು.

ಈ ಕೋಟೆಯದು ಕೈ ಬದಲಾದ ಕಥೆ. 17ನೇ ಶತಮಾನದಲ್ಲಿ ಮುದ್ದುರಾಜ ಕಟ್ಟಿಸಿದ್ದು, ಊರಿಗೆ ಹೆಸರು ಬಂದಿದ್ದೂ ಅವನಿಂದಲೇ. ಟಿಪ್ಪು ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಕರೆದ. 1790ರಲ್ಲಿ ದೊಡ್ಡವೀರರಾಜೇಂದ್ರನ ಕೈಗೆ ಬಂತು. 1812ರಿಂದ 1814ರ ನಡುವೆ ಲಿಂಗರಾಜೇಂದ್ರ ಅರಮನೆಯನ್ನು ಸರಿ ಮಾಡಿಸಿದ. 1834ರಲ್ಲಿ ಕಂಪನಿ ಸರ್ಕಾರ ರಾಜನನ್ನು ಇಳಿಸಿ ಕೊಡಗನ್ನೇ ತೆಗೆದುಕೊಂಡಿತು. ಆಮೇಲೆ ಆಫೀಸು, ಜೈಲು, ಲೈಬ್ರರಿ ಎಲ್ಲ ಇಲ್ಲಿಗೇ ಬಂದವು. 1933ರಲ್ಲಿ ಗಡಿಯಾರದ ಗೋಪುರ ಸೇರಿತು, ಕಮಿಷನರ್ ಸಾಹೇಬರ ಗಾಡಿ ನಿಲ್ಲಿಸೋಕೆ ಪೋರ್ಟಿಕೋ ಕೂಡ. ಅರಮನೆಗೆ ಪೋರ್ಟಿಕೋ!

ಒಳಗೆ ಗಾರೆಯಲ್ಲಿ ಮಾಡಿದ ಎರಡು ಆನೆಗಳಿವೆ, ನಿಜವಾದ ಆನೆಯಷ್ಟೇ ದೊಡ್ಡವು. ಶಾಲೆ ಮಕ್ಕಳ ಗುಂಪೊಂದು ಅವುಗಳ ಸೊಂಡಿಲು ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿತ್ತು. ಮೇಷ್ಟ್ರು ಕೈಮುಗಿದು "ಮುಟ್ಟಬೇಡ್ರೋ" ಅನ್ನುತ್ತಲೇ ಇದ್ದರು.

ಮ್ಯೂಸಿಯಂ ಇರುವುದು ಹಳೆ ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ. ಮೊದಲು ಈ ಜಾಗದಲ್ಲಿ ವೀರಭದ್ರ ದೇವಸ್ಥಾನ ಇತ್ತು. ಬ್ರಿಟಿಷರು ಅದನ್ನು ತೆಗೆಸಿ 1855ರಲ್ಲಿ ಚರ್ಚು ಕಟ್ಟಿದರು. ಅವರು ಹೋದ ಮೇಲೆ ಪ್ರಾರ್ಥನೆ ನಿಂತಿತು, ಪುರಾತತ್ವ ಇಲಾಖೆ ಬಂತು. ಈಗ ಅದೇ ಛಾವಣಿ ಕೆಳಗೆ ಜೈನ ತೀರ್ಥಂಕರರು ನಿಂತಿದ್ದಾರೆ. ದೇವರ ಜಾಗ ಅನ್ನುವುದು ಹೋಗಲೇ ಇಲ್ಲ, ದೇವರು ಮಾತ್ರ ಬದಲಾದರು. ಇದನ್ನು ಬಾಗಿಲಲ್ಲೇ ಒಂದು ಹಲಗೆ ಮೇಲೆ ಬರೆದು ಹಾಕಿದರೆ, ಒಳಗಿನ ವಸ್ತುಗಳನ್ನು ಜನ ಬೇರೆಯೇ ಕಣ್ಣಿನಿಂದ ನೋಡುತ್ತಾರೆ ಅಂತ ನನ್ನ ಅನಿಸಿಕೆ.

ಚಿಕ್ಕ ಮ್ಯೂಸಿಯಂ. ಓಡಾಡಿಕೊಂಡು ಹೋದರೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ, ಬಹಳ ಜನ ಹಾಗೇ ಮಾಡುತ್ತಾರೆ. ಜೈನ ಮೂರ್ತಿಗಳು, ವೀರಗಲ್ಲುಗಳು, ಹಳೆ ಆಯುಧಗಳು, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರಿಗೆ ಸಂಬಂಧಿಸಿದ ಒಂದಿಷ್ಟು ವಸ್ತುಗಳು. ಒಳಗೆ ಫೋಟೋ ಬೇಡ ಅಂದರು. ಪೆನ್ಸಿಲ್ ಓಕೆನಾ ಅಂತ ಹುಡುಗ ಕೇಳಿದ. ಕಾವಲುಗಾರರು ಅವನನ್ನೂ ಪುಸ್ತಕವನ್ನೂ ನೋಡಿ, "ಬರ್ಕೊಳಪ್ಪಾ, ಅದಕ್ಕೇನಂತೆ" ಅಂದರು. ಆಮೇಲೆ ಅವರೇ ಒಂದು ಸ್ಟೂಲ್ ತಂದುಕೊಟ್ಟರು.

ಅವನು ವೀರಗಲ್ಲಿನ ಮುಂದೆ ಕೂತ. ನಾನೂ ಪಕ್ಕದಲ್ಲಿ ನಿಂತೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಸಾಲಿನಲ್ಲಿ ಜಗಳ. ಕತ್ತಿ, ಬಿಲ್ಲು, ಬಿದ್ದವರು. ನಡುವಿನ ಸಾಲಿನಲ್ಲಿ ಸತ್ತ ವೀರನನ್ನು ಅಪ್ಸರೆಯರು ಎರಡೂ ಕಡೆ ಹಿಡಿದು ಮೇಲೆ ಒಯ್ಯುತ್ತಾರೆ. ಮೇಲಿನ ಸಾಲಿನಲ್ಲಿ ಅವನು ದೇವರ ಎದುರು ಕೈಮುಗಿದು ಕೂತಿದ್ದಾನೆ. ತುದಿಯಲ್ಲಿ ಸೂರ್ಯ ಚಂದ್ರ, ಅವು ಇರುವ ತನಕ ಹೆಸರು ಇರಲಿ ಅಂತ. ನಾವು ನೋಡಿದ ಕಲ್ಲಿನಲ್ಲಿ ಕೆಳಗಿನ ಸಾಲು ಸವೆದು ಹೋಗಿತ್ತು. ಮೇಲಿನದು ಚೆನ್ನಾಗಿತ್ತು. ಯಾಕೆ ಅಂತ ನಾನು ಯೋಚಿಸುತ್ತಿದ್ದೆ.

"ಚಿಕ್ಕಮ್ಮ, ಇದು ನೆಲದಲ್ಲಿ ಹೂತಿತ್ತು ಅನ್ಸುತ್ತೆ. ಕೆಳಗಡೆ ಮಣ್ಣು, ನೀರು ತಾಗಿದೆ. ಇಲ್ಲಿ ನೋಡಿ, ಒಂದು ಗೆರೆ ಥರ ಇದೆ."

ಇತ್ತು. ಅಡ್ಡಲಾಗಿ ಬಣ್ಣ ಬದಲಾದ ಒಂದು ಗೆರೆ. ಅಲ್ಲಿವರೆಗೆ ಕಲ್ಲು ಯಾವುದೋ ಗದ್ದೆ ಬದುವಿನಲ್ಲೋ ಕಾಡುಜಾಗವಾದ ಬಾಣೆಯಲ್ಲೋ ಮಣ್ಣೊಳಗೆ ನಿಂತಿತ್ತು ಅಂತ ಆಯಿತು. ಕಾರ್ಡು ಹೇಳದೇ ಇದ್ದದ್ದನ್ನು ಕಲ್ಲೇ ಹೇಳಿತು. ಪಕ್ಕದ ಜಿನ ಮೂರ್ತಿಯಲ್ಲೂ ಹೀಗೇ ಹುಡುಕೋಕೆ ಶುರು ಮಾಡಿದೆವು. ಕೈ ಕಾಲು ನೀಳವಾಗಿ ಬಿಟ್ಟು ನೇರ ನಿಂತ ಭಂಗಿ, ಕಾಯೋತ್ಸರ್ಗ. ತಲೆಯ ಮೇಲೆ ಹಾವಿನ ಹೆಡೆ ಇದ್ದರೆ ಪಾರ್ಶ್ವನಾಥ ಅಂತ ಗುರುತು ಹಿಡಿಯಬಹುದು. ಮಂಡಿ ಹತ್ತಿರ ಒಂದು ಒಡಕು. ಒಡಕು ಹಳೆಯದು, ಅಂಚು ಮಾಸಿದೆ. ಅಂದರೆ ಲಾರಿಯಲ್ಲಿ ತರುವಾಗ ಆದದ್ದಲ್ಲ.

ಇಂಥವು ಸರ್ಕಾರದ ಕೈಗೆ ಬರುವ ದಾರಿಗೆ ಒಂದು ಕಾನೂನಿದೆ. 1878ರ ನಿಧಿ ಕಾಯ್ದೆ. ನೆಲದಲ್ಲಿ ಸಿಕ್ಕ ವಸ್ತುವಿನ ಬೆಲೆ ಹತ್ತು ರೂಪಾಯಿಗಿಂತ ಜಾಸ್ತಿ ಇದ್ದರೆ ಕಲೆಕ್ಟರಿಗೆ ತಿಳಿಸಬೇಕು. ಹತ್ತು ರೂಪಾಯಿ! ಅದು ಆ ಕಾಲದ ಲೆಕ್ಕ. ಆಮೇಲೆ 1972ರಲ್ಲಿ ಇನ್ನೊಂದು ಕಾಯ್ದೆ ಬಂತು. ನೂರು ವರ್ಷ ದಾಟಿದ ಶಿಲ್ಪ, ಚಿತ್ರ ಇಂಥವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸೋ ಹಾಗಿಲ್ಲ. ಆದರೆ ಕೊಡಗಿನ ಎಷ್ಟೋ ವಸ್ತುಗಳು ಅದಕ್ಕೂ ಮೊದಲೇ ಹೋಗಿದ್ದವು. ಇಲ್ಲಿನ ಗುಡ್ಡಗಳಲ್ಲಿ ಸಿಕ್ಕ ಕಲ್ಲುಸಮಾಧಿಗಳನ್ನು 19ನೇ ಶತಮಾನದ ಇಂಗ್ಲಿಷ್ ಅಧಿಕಾರಿಗಳು ಅಗೆಸಿದರು. ಅಲ್ಲಿನ ಮಡಕೆಗಳು ಬೆಂಗಳೂರಿನ ಮ್ಯೂಸಿಯಂ ಸೇರಿದವು. ಮಡಿಕೇರಿಯಲ್ಲಿ ಆಗ ಮ್ಯೂಸಿಯಂ ಎಲ್ಲಿತ್ತು?

ಆಯುಧಗಳ ಮುಂದೆ ನಿಂತಾಗ ನನಗೆ ನೆನಪಾದದ್ದು ಇಲ್ಲಿಲ್ಲದ ಒಂದು ವಸ್ತು. 1837ರಲ್ಲಿ ಅಮರ ಸುಳ್ಯದಿಂದ ದಂಗೆ ಎದ್ದು ಮಂಗಳೂರಿನ ತನಕ ಹೋಯಿತು. ಕಂಪನಿ ಅದನ್ನು ಅಡಗಿಸಿತು. ತನ್ನ ಕಡೆ ನಿಂತ ಕೊಡಗಿನವರಿಗೆ ಪದಕ ಮಾಡಿಸಿ ಕೊಟ್ಟಿತು, ಚಿನ್ನದ್ದು ಕೆಲವರಿಗೆ, ಬೆಳ್ಳಿಯದು ಹೆಚ್ಚು ಜನಕ್ಕೆ. ಪದಕದ ಮೇಲೆ ಕತ್ತಿ ಎತ್ತಿದ ಕೊಡಗಿನ ಯೋಧ, ಕನ್ನಡ ಅಕ್ಷರ ಕೂಡ ಇದೆ. ಅದೇ ವರ್ಷ ಅಕ್ಟೋಬರ್ 31ರಂದು, ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಇದೇ ಕೋಟೆಯಲ್ಲಿ ಗಲ್ಲಿಗೇರಿಸಿದರು. ಆ ಪದಕಗಳು ಈಗ ಆಗಾಗ ಲಂಡನ್ನಿನ ಹರಾಜಿನಲ್ಲಿ ಕಾಣಿಸಿಕೊಳ್ಳುತ್ತವೆ. ಅದರಲ್ಲಿ ಒಂದನ್ನು ಕೊಂಡು ತಂದು, ಅಪ್ಪಯ್ಯಗೌಡರ ಹೆಸರಿನ ಪಕ್ಕದಲ್ಲೇ ಇಲ್ಲಿ ಇಡಬೇಕು. ಎರಡೂ ಕಥೆ ಒಟ್ಟಿಗೆ ಓದಲಿ ಜನ.

ಹುಡುಗನನ್ನು ಸ್ಟೂಲಿನಿಂದ ಎಬ್ಬಿಸೋಕೆ ಊಟದ ಆಸೆ ತೋರಿಸಬೇಕಾಯಿತು.

ಮಧ್ಯಾಹ್ನ ಸನ್ನಿ ಸೈಡ್. ಜನರಲ್ ತಿಮ್ಮಯ್ಯನವರ ಮನೆ, ಈಗ ಅವರ ಹೆಸರಿನ ಮ್ಯೂಸಿಯಂ. ಎಷ್ಟೋ ವರ್ಷ ಇಲ್ಲಿ ಆರ್‌ಟಿಒ ಕಚೇರಿ ಇತ್ತು. ಕೊಡಗಿನ ಅರ್ಧ ಜನ ಲೈಸೆನ್ಸ್ ಮಾಡಿಸಿಕೊಂಡಿದ್ದು ಜನರಲ್ ಹುಟ್ಟಿ ಬೆಳೆದ ಮನೆತನದ ಅಂಗಳದಲ್ಲಿ ಅಂತ ಊಟದ ಹೋಟೆಲಿನವರು ನಗುತ್ತಾ ಹೇಳಿದರು. 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಇದನ್ನು ಉದ್ಘಾಟಿಸಿದರು. ಹೊರಗೆ ಟ್ಯಾಂಕ್, ಒಳಗೆ ಕೋಣೆ ಕೋಣೆಯಾಗಿ ಅವರ ಬದುಕು. 1948ರ ನವೆಂಬರಿನಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ್ದು, 1953ರಲ್ಲಿ ಕೊರಿಯಾ ಯುದ್ಧದ ಕೈದಿಗಳನ್ನು ವಾಪಸ್ ಕಳಿಸುವ ಕೆಲಸ, 1957ರಿಂದ 1961ರವರೆಗೆ ಸೇನೆಯ ಮುಖ್ಯಸ್ಥ, ಕೊನೆಗೆ ಸೈಪ್ರಸ್. ವಿಶ್ವಸಂಸ್ಥೆಯ ಪಡೆ ನಡೆಸುತ್ತಿರುವಾಗಲೇ 1965ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆ ಚೀಟಿ ಹೊರತಂದಿತು.

ಇದು ಕಲೆಯ ಮ್ಯೂಸಿಯಂ ಅಲ್ಲ. ಹುಡುಗನಿಗೆ ಬರೆಯೋಕೆ ಜಾಸ್ತಿ ಏನೂ ಸಿಗಲಿಲ್ಲ. ಆದರೆ ಜೋಡಿಸಿದ ರೀತಿ ನನಗೆ ಹಿಡಿಸಿತು. ಒಂದರ ಹಿಂದೆ ಒಂದು ಕಥೆ ನಡೆಯುತ್ತದೆ, ಓದುವ ಹಾಗೆ ಬೆಳಕಿದೆ. ಕೋಟೆಯ ಮ್ಯೂಸಿಯಂನಲ್ಲಿ ವಸ್ತು ಇದೆ, ಕಥೆ ಇಲ್ಲ. ಇಲ್ಲಿ ಕಥೆ ಚೆನ್ನಾಗಿದೆ. ಎರಡೂ ಮ್ಯೂಸಿಯಂನವರು ಒಂದು ದಿನ ಕೂತು ಮಾತಾಡಬಾರದಾ ಅನ್ನಿಸಿತು.

ರಾತ್ರಿ ರೂಮಿನಲ್ಲಿ ಹುಡುಗ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ರಾಜಕುಮಾರಿ ಗೌರಮ್ಮ. ಚಿಕ್ಕವೀರರಾಜೇಂದ್ರನ ಮಗಳು. ರಾಜ್ಯ ಹೋದ ಮೇಲೆ ರಾಜನನ್ನು ಕಾಶಿಯಲ್ಲಿ ಇಟ್ಟಿದ್ದರು. 1852ರಲ್ಲಿ ಅವನು ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಕಂಪನಿಯಿಂದ ಬರಬೇಕಾದ ಹಣಕ್ಕೆ ಕೇಸು ಹಾಕುವ ಉದ್ದೇಶವೂ ಇತ್ತು. ಹುಡುಗಿಗೆ ಅಲ್ಲಿ ಬ್ಯಾಪ್ಟಿಸಮ್ ಆಯಿತು, ರಾಣಿ ವಿಕ್ಟೋರಿಯಾಳೇ ಧರ್ಮಮಾತೆ. ಆಗ ಅವಳಿಗೆ ಹನ್ನೊಂದು ವರ್ಷ. ಅದೇ ವರ್ಷ ವಿಂಟರ್‌ಹಾಲ್ಟರ್ ಅನ್ನುವ ಆಸ್ಥಾನ ಚಿತ್ರಕಾರ ಅವಳ ತೈಲಚಿತ್ರ ಬರೆದ. ಮೈತುಂಬ ಒಡವೆ, ಕೈಯಲ್ಲಿ ಬೈಬಲ್. 1856ರಲ್ಲಿ ಮಾರೊಕೆಟ್ಟಿ ಅನ್ನುವ ಶಿಲ್ಪಿ ಅವಳ ಅಮೃತಶಿಲೆಯ ಎದೆಮಟ್ಟದ ಮೂರ್ತಿ ಮಾಡಿದ. ಬಿಳಿ ಕಲ್ಲಿಗೆ ಬಣ್ಣ ಹಚ್ಚಿದ್ದಾನೆ. ಎರಡೂ ಈಗ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ರಾಜ 1859ರಲ್ಲಿ ಲಂಡನ್ನಿನಲ್ಲಿ ಸತ್ತ, ಮಗಳು 1864ರಲ್ಲಿ.

"ಒಡವೆ ನೋಡಿ ಚಿಕ್ಕಮ್ಮ, ಎಷ್ಟು ಚೆನ್ನಾಗಿ ಬರೆದಿದ್ದಾನೆ. ಕಣ್ಣು ಮಾತ್ರ ಯಾಕೋ ಹೆದರಿದ ಹಾಗಿದೆ."

ಮಡಿಕೇರಿಯಲ್ಲಿ ಅವಳ ಒಂದು ಒಳ್ಳೆ ದೊಡ್ಡ ಪ್ರತಿ ಇಟ್ಟರೂ ಸಾಕು. ಅಸಲು ಕೇಳೋಕೆ ಹೋದರೆ ಬೇರೆ ಜಗಳ.

ಭಾನುವಾರ

ಜೀಪ್ ಮಾಡಿಕೊಂಡು ನಾಪೋಕ್ಲು ಮೇಲೆ ಕಕ್ಕಬೆ. ಬೆಟ್ಟದ ಬುಡದ ಯವಕಪಾಡಿಯಲ್ಲಿ ನಾಲ್ಕುನಾಡು ಅರಮನೆ. ತಡಿಯಂಡಮೋಳ್ ಹತ್ತುವವರು ಇಲ್ಲಿಂದಲೇ ಹೊರಡುತ್ತಾರೆ, 1748 ಮೀಟರಿನ ಬೆಟ್ಟ. ಅಂಗಳದ ಮುಂದೆ ಬ್ಯಾಗು ಹೊತ್ತ ಹುಡುಗರು ಶೂ ಕಟ್ಟಿಕೊಳ್ಳುತ್ತಿದ್ದರು. ಒಬ್ಬರೂ ಒಳಗೆ ಇಣುಕಲಿಲ್ಲ.

ಅರಮನೆ ಅಂದರೆ ಮೈಸೂರಿನವರು ಬೇರೆ ಏನೋ ಅಂದುಕೊಳ್ಳುತ್ತಾರೆ. ಇದು ಹೆಂಚಿನ ಮಾಡಿನ ದೊಡ್ಡ ಮನೆ, ಎರಡು ಅಂತಸ್ತು. ದೊಡ್ಡವೀರರಾಜೇಂದ್ರ 1792ರ ಹೊತ್ತಿಗೆ ಕಟ್ಟಿಸಿದ್ದು. ಅದಕ್ಕೂ ಮೊದಲು ಅವನು ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದಿದ್ದ. ಕಾಡಿನ ನಡುವೆ, ಬೆಟ್ಟಕ್ಕೆ ಬೆನ್ನು ಕೊಟ್ಟು ಮನೆ ಯಾಕೆ ಕಟ್ಟಿಸಿದ ಅನ್ನೋದು ಅದರಿಂದಲೇ ಗೊತ್ತಾಗುತ್ತದೆ. ಎದುರಿಗೆ ಪುಟ್ಟ ಮಂಟಪ. 1796ರಲ್ಲಿ ಮಹಾದೇವಮ್ಮಾಜಿ ಜೊತೆ ಅವನ ಮದುವೆ ಆಗಿದ್ದು ಅಲ್ಲೇ.

ನೋಡಿಕೊಳ್ಳುವವರು ಬಾಗಿಲು ತೆಗೆದು ಟಾರ್ಚ್ ಹಿಡಿದುಕೊಂಡು ಮುಂದೆ ನಡೆದರು. ಕಂಬದ ಮೇಲೆ, ಬಾಗಿಲ ಚೌಕಟ್ಟಿನ ಮೇಲೆ ಮರದ ಕೆತ್ತನೆ. ಗೋಡೆ ಮತ್ತು ಛಾವಣಿಯಲ್ಲಿ ಬಣ್ಣದ ಚಿತ್ರ. ಒಂದು ಕಡೆ ಕೆಂಪು ಇನ್ನೂ ಗಟ್ಟಿಯಾಗಿದೆ, ಹಸಿರು ಬೂದಿಯಾಗಿದೆ. ಎಷ್ಟೋ ಕಡೆ ಗಾರೆಯೇ ಉದುರಿ ಚಿತ್ರದ ಜೊತೆ ಹೋಗಿದೆ. ಎಲ್ಲಕ್ಕಿಂತ ಬೇಜಾರಾಗಿದ್ದು ಮೊಳೆಯಿಂದ ಗೀಚಿದ ಹೆಸರುಗಳು. ಹೃದಯ, ಬಾಣ, ಪ್ರೇಮಿಗಳ ಇನಿಷಿಯಲ್ಲು. ಇನ್ನೂರು ವರ್ಷದ ಚಿತ್ರದ ಮೇಲೆ ಹೆಸರು ಕೆತ್ತಿದರೆ ಪ್ರೀತಿ ಗಟ್ಟಿಯಾಗುತ್ತದಾ? ಇಂಥವರಿಂದ ದಂಡ ಕಟ್ಟಿಸಿ ಅದೇ ದುಡ್ಡಿನಲ್ಲಿ ಗೋಡೆ ಸರಿ ಮಾಡಿಸಬೇಕು.

ಹುಡುಗ ನೆಲದ ಮೇಲೆ ಅಂಗಾತ ಮಲಗಿಬಿಟ್ಟ. ಛಾವಣಿಯ ಚಿತ್ರ ಬರೆಯೋಕೆ ಅದೇ ಸರಿಯಂತೆ. ನೋಡಿಕೊಳ್ಳುವವರಿಗೆ ಖುಷಿ. ಅವನ ಪುಸ್ತಕದ ಮೇಲೆ ಬೆಳಕು ಬೀಳುವ ಹಾಗೆ ಟಾರ್ಚ್ ಹಿಡಿದು, ರಾಜ ಅಡಗಿಕೊಳ್ಳುವ ಕೋಣೆ, ಒಳಗಿನಿಂದ ಹೊರಗೆ ಕಣ್ಣಿಡುವ ಕಿಂಡಿ ಎಲ್ಲದರ ಕಥೆ ಹೇಳಿದರು. 1834ರಲ್ಲಿ ಕಂಪನಿ ಸೈನ್ಯ ಬಂದಾಗ ಚಿಕ್ಕವೀರರಾಜೇಂದ್ರ ಬಂದು ಸೇರಿಕೊಂಡಿದ್ದೂ ಇದೇ ಮನೆಯಲ್ಲಿ. ಇಲ್ಲಿ ಮೇಜು, ಕುರ್ಚಿ, ಪಾತ್ರೆ ಒಂದೂ ಉಳಿದಿಲ್ಲ. ಗೋಡೆಯಿಂದ ಬಿಡಿಸಿಕೊಂಡು ಹೋಗೋಕೆ ಆಗದ್ದು ಮಾತ್ರ ಉಳಿದಿದೆ.

ಊಟಕ್ಕೆ ಹತ್ತಿರದ ಒಂದು ಕೊಡವ ಕುಲದ ಮೂಲಮನೆ, ಐನ್‌ಮನೆಗೆ ಕರೆದಿದ್ದರು. ನನ್ನ ಜೊತೆ ಕೆಲಸ ಮಾಡುವ ಗೆಳತಿಯ ತವರು ಅದು. ಒಕ್ಕದ, ಅಂದರೆ ಆ ಕುಲದ, ಹಿರಿಯರಾದ ಪಟ್ಟೆದಾರರು ಎಂಬತ್ತು ದಾಟಿದವರು, ಸೈನ್ಯದಿಂದ ನಿವೃತ್ತಿ. ಜಗಲಿಯ ಕಂಬಗಳ ನಡುವಿನ ದಪ್ಪ ಮರದ ಐಮರದ ಮೇಲೆ ನಮ್ಮನ್ನು ಕೂರಿಸಿ ಕಾಫಿ ಕೊಟ್ಟರು. ಹುಡುಗ ಅವರನ್ನು ಅಂಕಲ್ ಅಂದ, ನಾನೂ ಅದನ್ನೇ ಹಿಡಿದೆ.

ಒಳಗೆ ನಡುಮನೆಯಲ್ಲಿ, ಅವರ ಮಾತಿನಲ್ಲಿ ನೆಲ್ಲಕ್ಕಿ ನಡುಬಾಡೆಯಲ್ಲಿ, ತೂಗುದೀಪ. ಗೋಡೆಯ ಮೇಲೆ ಕೋವಿ, ಕತ್ತಿ, ಹಿರಿಯರ ಫೋಟೋ. ಅವರು ಒಡಿಕತ್ತಿ ಕೆಳಗಿಳಿಸಿ ಹುಡುಗನ ಕೈಗೆ ಕೊಟ್ಟರು. ಅವನ ಕೈ ಕೆಳಗೆ ಜಗ್ಗಿತು. ಅಲಗು ತುದಿಗೆ ಹೋದಂತೆ ಅಗಲ, ಭಾರವೆಲ್ಲ ಮುಂದೆ. ಒಳಬಾಗಿನ ಕಡೆ ಹರಿತ. ಇದನ್ನು ಸೊಂಟದ ಹಿಂದೆ ತೋಡಂಗ್ ಅನ್ನುವ ಹಿತ್ತಾಳೆ ಕೊಂಡಿಗೆ ಸಿಕ್ಕಿಸಿಕೊಳ್ಳುತ್ತಾರೆ. ಕುಪ್ಯದ, ಅಂದರೆ ಕೊಡವರ ಉದ್ದನೆ ಕೋಟಿನ, ಹಿಂದೆ ಅಲಗು ಮೇಲಕ್ಕೆ ನಿಂತಿರುತ್ತದೆ. ಹಿಡಿಯ ಮರದಲ್ಲಿ ಬೆರಳು ಕೂತು ಕೂತು ಒಂದು ತಗ್ಗು ಬಿದ್ದಿತ್ತು. ಅಂಕಲ್ ತಮ್ಮ ಬೆರಳನ್ನು ಅದರಲ್ಲಿ ಇಟ್ಟು ತೋರಿಸಿದರು. ಸರಿಯಾಗಿ ಕೂತಿತು.

"ಇದು ಯಾರದ್ದು ಅಂಕಲ್?"

"ನನ್ನ ಅಜ್ಜನ ಅಪ್ಪನದ್ದು. ಅದಕ್ಕೆ ಹಿಂದೆ ಯಾರದ್ದೋ. ಆ ಚಿಕ್ಕ ಕತ್ತಿ, ಪೀಚೆಕತ್ತಿ ನೋಡಿ, ಬೆಳ್ಳಿ ಸರಪಳಿ ಇದೆಯಲ್ಲ, ಅದು ನನ್ನ ದೊಡ್ಡಪ್ಪನ ಮದುವೆಗೆ ಮಾಡಿಸಿದ್ದು. ಆ ಕೋವಿ..." ಹೀಗೆ ಒಂದೊಂದಕ್ಕೂ ಯಾರು ಕೊಟ್ಟರು, ಯಾವಾಗ ಬಂತು, ಯಾರು ಬೀಳಿಸಿ ಮುರಿದರು ಅಂತ ಹೇಳುತ್ತಾ ಹೋದರು. ಕಾರ್ಡು ಒಂದೂ ಇಲ್ಲ. ಕೋಟೆಯಲ್ಲಿ ನನಗೆ ಸಿಗದೇ ಇದ್ದದ್ದು ಇಲ್ಲಿ ಪುಕ್ಕಟೆ ಸಿಕ್ಕಿತು. ಬರೆದು ಇಟ್ಟಿದ್ದೀರಾ ಅಂತ ಕೇಳಿದೆ. ಇಲ್ಲ. ಮೊಮ್ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಬಂದಾಗ ಹೇಳ್ತೀನಿ ಅಂದರು.

ಮ್ಯೂಸಿಯಂಗೆ ಕೊಡುವ ಯೋಚನೆ ಇದೆಯಾ ಅಂತ ಹುಡುಗ ಕೇಳಿದ. ನನಗೆ ಅಳುಕಾಯಿತು. ಅವರು ಜೋರಾಗಿ ನಕ್ಕರು.

"ಕೊಟ್ಟುಬಿಟ್ಟರೆ ಕೈಲ್ ಪೊಳ್ದ್ ದಿನ ಯಾವುದಕ್ಕೆ ಪೂಜೆ ಮಾಡೋದು ಮಗಾ?"

ಕೈಲ್ ಪೊಳ್ದ್ ಸೆಪ್ಟೆಂಬರಿನಲ್ಲಿ ಬರುವ ಆಯುಧ ಪೂಜೆಯ ಹಬ್ಬ. ನಾಟಿ ಕೆಲಸ ಮುಗಿದ ಮೇಲೆ ಕೋವಿ, ಕತ್ತಿ ಎಲ್ಲ ಒಟ್ಟಿಗೆ ಇಟ್ಟು ತೋಕ್ ಪೂ ಹೂವಿನಿಂದ ಅಲಂಕಾರ ಮಾಡುತ್ತಾರೆ. ಕೆಂಪು ಹಳದಿ ಜ್ವಾಲೆ ಥರದ ಹೂವು, ಬೇಲಿಯಲ್ಲಿ ಬೆಳೆಯುತ್ತದೆ. ಮ್ಯೂಸಿಯಂನ ಗಾಜಿನೊಳಗೆ ಹೂವು ಯಾರು ಇಡುತ್ತಾರೆ?

ಹಂದಿ ಮಾಂಸದ ಪಂದಿ ಕರಿ, ಅಕ್ಕಿ ಉಂಡೆಯ ಕಡಂಬುಟ್ಟು, ನನಗೆ ಕಳಲೆಯ ಬೈಂಬಳೆ ಕರಿ. ಊಟದ ಬಗ್ಗೆ ಬರೆಯೋಕೆ ಹೋದರೆ ಇದು ಮುಗಿಯಲ್ಲ, ಬಿಡಿ.

ಮಧ್ಯಾಹ್ನ ಅಂಕಲ್ ಅವರ ತಮ್ಮನ ಮಗ ನಮ್ಮನ್ನು ಹತ್ತಿರದ ದೇವರಕಾಡಿಗೆ ಕರೆದುಕೊಂಡು ಹೋದರು. ಕೊಡಗಿನಲ್ಲಿ ಇಂಥ ದೇವರಕಾಡುಗಳು ಸಾವಿರಕ್ಕೂ ಜಾಸ್ತಿ ಇವೆ. ಇದು ಬೇಟೆಯ ದೇವರು ಅಯ್ಯಪ್ಪನದ್ದು. ಹೆಂಗಸರು ಒಳಗೆ ಹೋಗುವುದಿಲ್ಲ ಅಂದರು. ನನಗೆ ಸಿಟ್ಟು ಬಂತು, ಮನೆಗೆ ಬಂದ ಅತಿಥಿ ಜಗಳ ಆಡಬಾರದು ಅಂತ ಗಡಿಯ ಕಲ್ಲಿನ ಮೇಲೆ ಕೂತೆ. ಹುಡುಗ ಹೋಗಿ ನೋಡಿ ಬಂದ. ಪುಸ್ತಕದ ಎರಡು ಪುಟ ತುಂಬ ನಾಯಿಗಳು.

ಮಣ್ಣಿನ ನಾಯಿಗಳು. ಹರಕೆ ಹೊತ್ತವರು ಅಯ್ಯಪ್ಪನಿಗೆ ನಾಯಿ ಒಪ್ಪಿಸುತ್ತಾರೆ, ಬೇಟೆಗೆ ಅವನ ಜೊತೆ ಓಡಲಿ ಅಂತ. ಮರದ ಬುಡದಲ್ಲಿ ರಾಶಿಯಂತೆ. ಹೊಸದು ಮೇಲೆ, ಕೆಂಪಾಗಿ, ಕಿವಿ ನೆಟ್ಟಗೆ. ಅದರ ಕೆಳಗೆ ಪಾಚಿ ಕಟ್ಟಿದವು. ಇನ್ನೂ ಕೆಳಗೆ ಬರೀ ಕಾಲು, ಬಾಲ, ಮೂತಿ. ಅದಕ್ಕೂ ಕೆಳಗೆ ಮಣ್ಣು, ಅದು ನಾಯಿಯೋ ನೆಲವೋ ಗೊತ್ತಾಗಲ್ಲ ಅಂದ.

"ಯಾರೂ ತೆಗೆದು ಜೋಡಿಸಲ್ವಾ?" ಅಂತ ಕೇಳಿದೆ.

"ಒಪ್ಪಿಸಿದ್ದನ್ನ ಮುಟ್ಟೋ ಹಾಗಿಲ್ಲ ಅಕ್ಕ," ಅಂದರು ಜೊತೆಗೆ ಬಂದವರು.

ವರ್ಷಗಳಿಂದ ಸೇರುತ್ತಲೇ ಬಂದ ಸಂಗ್ರಹ ಅಂದರೆ ಇದು. ಇಂಥ ನಾಯಿ ಒಂದನ್ನು ಮ್ಯೂಸಿಯಂನಲ್ಲಿ ದೀಪದ ಕೆಳಗೆ ಒಂಟಿಯಾಗಿ ಇಟ್ಟರೆ ಚೆಂದ ಕಾಣಬಹುದು. ಕೆಳಗಿನ ನಾಯಿಗಳಿಲ್ಲದೆ ಅದಕ್ಕೆ ಅರ್ಥ ಏನು ಅಂತ ನಾವಿಬ್ಬರೂ ವಾಪಸ್ ಬರುವ ಜೀಪಿನಲ್ಲಿ ವಾದ ಮಾಡಿದೆವು. ಅವನ ಪ್ರಕಾರ ಒಂದಾದರೂ ಉಳಿಯಬೇಕು, ಇಲ್ಲವಾದರೆ ಮಾಡುವ ಕೈಗೆ ಮಾದರಿ ಇರುವುದಿಲ್ಲ. ಅವನ ಮಾತಿನಲ್ಲೂ ಹುರುಳಿದೆ. ನಾನು ಪೂರ್ತಿ ಒಪ್ಪಲಿಲ್ಲ.

ಸೋಮವಾರ

ಮ್ಯೂಸಿಯಂಗೆ ರಜೆ, ಬಸದಿಗೆ ರಜೆ ಇಲ್ಲ. ಬೆಳಿಗ್ಗೆ ಸೋಮವಾರಪೇಟೆ ಬಸ್ ಹತ್ತಿ ಅಲ್ಲಿಂದ ಶನಿವಾರಸಂತೆ, ಆಮೇಲೆ ಆಟೋದಲ್ಲಿ ಮುಳ್ಳೂರು. ಈ ಕಡೆ ಕೊಡಗು ಬೇರೆ ಥರ. ಬೆಟ್ಟ ತಗ್ಗುತ್ತದೆ, ಗದ್ದೆ ಅಗಲವಾಗುತ್ತದೆ, ಮಾತು ಹಾಸನದ ಕಡೆಗೆ ವಾಲುತ್ತದೆ.

ಇದು ಕೊಂಗಾಳ್ವರ ನಾಡು. ಪನಸೋಗೆಯ ಯುದ್ಧದಲ್ಲಿ ಚೋಳರ ಪರ ಮನಿಜ ಅನ್ನುವವನು ಚೆನ್ನಾಗಿ ಹೋರಾಡಿದ. ಮೆಚ್ಚಿದ ರಾಜರಾಜ ಚೋಳ ಅವನಿಗೆ ಮಾಳಂಬಿ ಅನ್ನುವ ಊರನ್ನೂ ಕೊಂಗಾಳ್ವ ಅನ್ನುವ ಬಿರುದನ್ನೂ ಕೊಟ್ಟ. ಅವನ ವಂಶದವರು ಜೈನರು. ಮುಳ್ಳೂರಿನ ಬಸದಿಗಳು 11ನೇ ಶತಮಾನದವು. ಪಾರ್ಶ್ವನಾಥ, ಚಂದ್ರನಾಥ, ಶಾಂತಿನಾಥ, ಒಂದೇ ಆವರಣದಲ್ಲಿ. ಹೊಯ್ಸಳ ಗುಡಿಗಳ ಅಲಂಕಾರ ಹುಡುಕಿಕೊಂಡು ಬಂದವರಿಗೆ ನಿರಾಸೆಯಾಗಬಹುದು. ಸಾದಾ ಕಲ್ಲಿನ ಗೋಡೆ, ತಗ್ಗಾದ ಬಾಗಿಲು. ಒಳಗೆ ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಮೂರ್ತಿಯ ಭುಜ ಮೊದಲು ಕಾಣುತ್ತದೆ, ಆಮೇಲೆ ಮುಖ.

ಶನಿವಾರ ಚರ್ಚಿನೊಳಗೆ ಬಿಳಿ ಗೋಡೆಯ ಮುಂದೆ ನೋಡಿದ್ದ ಜಿನನನ್ನು ಇಲ್ಲಿ ಅವನ ಮನೆಯಲ್ಲೇ ನೋಡಿದ ಹಾಗಾಯಿತು. ಅಲ್ಲಿ ನಾವು ಅವನ ಎತ್ತರಕ್ಕೆ ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದೆವು. ಇಲ್ಲಿ ತಲೆ ತಗ್ಗಿಸಿ ಒಳಗೆ ಬರಬೇಕು, ತಲೆ ಎತ್ತಿ ನೋಡಬೇಕು. ಶಿಲ್ಪಿ ಲೆಕ್ಕ ಹಾಕಿದ್ದೇ ಹಾಗೆ. ಮೂರ್ತಿಯ ಗಲ್ಲ ಸ್ವಲ್ಪ ದಪ್ಪ, ಹುಬ್ಬು ಮುಂದೆ. ಕೆಳಗಿನಿಂದ ನೋಡಿದಾಗ ಎಲ್ಲ ಸರಿ ಹೋಗುತ್ತದೆ ಅಂತ ಹುಡುಗ ಬರೆದೇ ತೋರಿಸಿದ.

1058ರ ಶಾಸನವೊಂದು ಇಲ್ಲಿಯದು. ರಾಜೇಂದ್ರ ಕೊಂಗಾಳ್ವನ ತಾಯಿ ಪೋಚಬ್ಬರಸಿ ಬಸದಿ ಮಾಡಿಸಿ, ತನ್ನ ಗುರು ಗುಣಸೇನ ಪಂಡಿತರ ಹೆಸರು ಹಾಕಿಸಿದ್ದಾಳೆ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾವ ವರ್ಷ, ಎಲ್ಲ ಕಲ್ಲಿನಲ್ಲೇ ಇದೆ. ನಾನು ಕೋಟೆಯಲ್ಲಿ ಹುಡುಕುತ್ತಿದ್ದ ಕಾರ್ಡು ಇಲ್ಲಿ ಒಬ್ಬ ರಾಜಮಾತೆ ಬರೆಸಿಟ್ಟಿದ್ದಳು! ಕೊಡಗಿನ ಶಾಸನಗಳನ್ನೆಲ್ಲ ಶಾಸನತಜ್ಞ ಬಿ.ಎಲ್. ರೈಸ್ 1886ರಲ್ಲಿ ಅಚ್ಚು ಹಾಕಿಸಿದರು. ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟವೇ ಕೊಡಗಿನದು ಅನ್ನೋದು ಇಲ್ಲಿಯವರಿಗೂ ಅಷ್ಟಾಗಿ ಗೊತ್ತಿಲ್ಲ.

ಬಸದಿ ನೋಡಿಕೊಳ್ಳುವವರು ಊರೊಳಗಿದ್ದರು. ಆಟೋದವರೇ ಫೋನ್ ಮಾಡಿ ಕರೆಸಿದರು. ಮಳೆಗಾಲದಲ್ಲಿ ಎಲ್ಲೆಲ್ಲಿ ಸೋರುತ್ತದೆ ಅಂತ ಒಂದೊಂದು ಮೂಲೆ ತೋರಿಸಿದರು. "ಮಡಿಕೇರಿ ಮ್ಯೂಸಿಯಂನಲ್ಲಿ ಇಟ್ಟರೆ ಸೋರಲ್ಲ ಅಲ್ವಾ?" ಅಂತ ನಾನು ಕೆಣಕಿದೆ.

"ಅಲ್ಲಿಗೆ ಹೋದರೆ ಅಭಿಷೇಕ ಯಾರು ಮಾಡ್ತಾರಮ್ಮ? ಸೂರು ರಿಪೇರಿ ಮಾಡಿಸಿ ಅಂತ ಬರೀರಿ, ಅಷ್ಟು ಸಾಕು."

ಬರೆದಿದ್ದೇನೆ.

ಹೋಗುವವರಿಗೆ ಎರಡು ಮಾತು. ಮುಳ್ಳೂರಿಗೆ ಹೋಗುವ ಮೊದಲು ಶನಿವಾರಸಂತೆಯಲ್ಲೇ ಬಸದಿಯ ಕೀ ಯಾರ ಹತ್ತಿರ ಇದೆ ಅಂತ ವಿಚಾರಿಸಿ, ಸಣ್ಣ ಟಾರ್ಚ್ ಇಟ್ಟುಕೊಳ್ಳಿ. ಕೋಟೆಯ ಮ್ಯೂಸಿಯಂ ಮತ್ತು ಮುಳ್ಳೂರು ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಿ, ಕೋಟೆ ಮೊದಲು. ನಾವು ಶನಿವಾರಸಂತೆಯಲ್ಲಿ ಊಟ ಮುಗಿಸಿ ಕೊಣನೂರು ಮೇಲೆ ಬರುವ ಬಸ್ ಹಿಡಿದೆವು. ಸೀಟು ಸಿಕ್ಕಿದ್ದು ಹುಡುಗನಿಗೆ, ಚಿತ್ರದ ಪುಸ್ತಕ ಮಡಚಬಾರದು ಅಂತ ಕಂಡಕ್ಟರ್ ಹತ್ತಿರ ಮಾತಾಡಿ ಗಿಟ್ಟಿಸಿಕೊಂಡ. ನಾನು ಹೊಳೆನರಸೀಪುರದ ತನಕ ನಿಂತೇ ಬಂದೆ.